ಸೋಗಿನ ಅಳುಕು

ಕುಷ್ಟಗಿಯಲ್ಲೊಂದು ಕವಿಗೋಷ್ಠಿ. ವೇದಿಕೆಯ ಹಿಂದೆ, ಹಳೆಯ ಬ್ಯಾನರುಗಳನ್ನು ಸುತ್ತಿಟ್ಟ ಮೂಲೆಯಲ್ಲಿ, ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಆಮಂತ್ರಣ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ಕೂತಿದ್ದರು. ಉದ್ದನೆಯ ಪಟ್ಟಿಯಲ್ಲಿ ಅವರದು ಕೊನೆಯ ಹೆಸರು. ‘ಸರ್, ನನ್ನ ಹೆಸರಿನ ಜೋಡಿ ಕವಯಿತ್ರಿ ಅಂತ ಹಾಕ್ಯಾರ. ಯಾರ್ದೋ ಬಸ್ ಪಾಸ್ ಹಿಡ್ಕೊಂಡು ಕುಂತಂಗ ಆಗೈತ್ರಿ. ಕಂಡಕ್ಟರ್ ಈಗ ಬಂದಾನು, ಆಗ ಬಂದಾನು ಅಂತ ಜೀವ ಹೊಡ್ಕೊಳ್ಳಾಕತ್ತೈತಿ’ ಎಂದರು. ಆಮೇಲೆ ಅವರು ಓದಿದ ಕವಿತೆ ಅಂದಿನ ಎರಡು ಮೂರು ಒಳ್ಳೆಯ ಕವಿತೆಗಳಲ್ಲಿ ಒಂದು. ಚಪ್ಪಾಳೆ ಜೋರಾಗಿಯೇ ಬಿತ್ತು. ಮೆಟ್ಟಿಲು ಇಳಿದು ಬಂದವರು ಅಂದದ್ದು ಇಷ್ಟೇ: ‘ಪಾಪ, ಹೊಸಾಕಿ ಅಂತ ಹೊಡದ್ರು.’

ಈ ಅನುಭವವನ್ನು ಇಂದು ಜಗತ್ತೆಲ್ಲ ಇಂಪೋಸ್ಟರ್ ಸಿಂಡ್ರೋಮ್ ಎಂದು ಕರೆಯುತ್ತದೆ. ಮಾಡಿದ ಕೆಲಸ ಕಣ್ಣೆದುರಿಗೇ ಇದೆ, ಮೆಚ್ಚುವವರೂ ಇದ್ದಾರೆ. ಆದರೂ ‘ನಾನು ಅಸಲಿಯಲ್ಲ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ’ ಎಂಬ ಹೆದರಿಕೆ ಒಳಗೊಳಗೇ ಕೊರೆಯುತ್ತದೆ. ನಾನು ಇದಕ್ಕೆ ಸೋಗಿನ ಅಳುಕು ಎಂದು ಹೆಸರಿಟ್ಟುಕೊಂಡಿದ್ದೇನೆ. ಬೇಕೆಂದೇ ಆರಿಸಿದ ಶಬ್ದ ಇದು. ನಮ್ಮ ಕಡೆಯ ಬಯಲಾಟದಲ್ಲಿ ಸೋಗು ಎಂದರೆ ಪಾತ್ರ, ಅದರ ವೇಷ. ಭೀಮನ ಸೋಗು, ದ್ರೌಪದಿಯ ಸೋಗು ಎನ್ನುತ್ತೇವೆ. ಅದೇ ಶಬ್ದಕ್ಕೆ ಬಾಲ ಅಂಟಿದರೆ ಸೋಗಲಾಡಿ, ಅದು ಬೈಗುಳ. ಹಗಲುವೇಷದ ಕಥೆಯೂ ಇದೇ. ಅದೊಂದು ಕಲೆ, ಅದನ್ನೇ ನಂಬಿ ಬದುಕಿದ ಸಮುದಾಯಗಳಿವೆ. ಮೋಸಗಾರನನ್ನು ಹಳಿಯಲೂ ಅದೇ ಮಾತು. ಕಲೆ ಮತ್ತು ವಂಚನೆ ಒಂದೇ ಶಬ್ದದ ಎರಡು ಮಗ್ಗುಲಾಗಿರುವ ಭಾಷೆಯಲ್ಲಿ, ಕಲಾವಿದರಿಗೆ ಈ ಅಳುಕು ಕಾಡುವುದು ಸೋಜಿಗವಲ್ಲ.

ಅಳುಕು ಏಕೆ ಹುಟ್ಟುತ್ತದೆ, ದಾಟುವುದು ಹೇಗೆ ಎಂಬುದರ ಬಗ್ಗೆ ಒಮ್ಮತವಿಲ್ಲ. ಮುಖ್ಯವಾಗಿ ನಾಲ್ಕು ವಾದಗಳಿವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನೆಲದಲ್ಲಿ ನಿಂತು ಅವುಗಳನ್ನು ಒಂದೊಂದಾಗಿ ನೋಡೋಣ.

ಹೆಸರು ಬಂದ ಬಗೆ

1978ರಲ್ಲಿ ಅಮೆರಿಕದ ಅಟ್ಲಾಂಟಾದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, ಒಂದು ಪ್ರಬಂಧ ಪ್ರಕಟಿಸಿದರು. ಓದಿನಲ್ಲಿ, ವೃತ್ತಿಯಲ್ಲಿ ಹೆಸರು ಮಾಡಿದ್ದ 150ಕ್ಕೂ ಹೆಚ್ಚು ಮಹಿಳೆಯರೊಡನೆ ಕೆಲಸ ಮಾಡಿದ ಅನುಭವ ಅದರ ಬುನಾದಿ. ಪದವಿ, ಬಹುಮಾನ, ಹುದ್ದೆ ಎಲ್ಲ ಇದ್ದರೂ ಈ ಹೆಂಗಸರು ತಮ್ಮ ಗೆಲುವನ್ನು ಅದೃಷ್ಟದ ಲೆಕ್ಕಕ್ಕೋ ಪರೀಕ್ಷಕರ ತಪ್ಪಿನ ಲೆಕ್ಕಕ್ಕೋ ಹಾಕುತ್ತಿದ್ದರು. ಲೇಖಕಿಯರು ಇದನ್ನು ರೋಗವೆನ್ನಲಿಲ್ಲ, ಒಂದು ವಿದ್ಯಮಾನ ಎಂದರು. ‘ಸಿಂಡ್ರೋಮ್’ ಎಂಬ ಕಾಯಿಲೆಯ ವಾಸನೆಯ ಹೆಸರು ಜನರ ಬಾಯಲ್ಲಿ ಅಂಟಿಕೊಂಡದ್ದು. ಮನೋವೈದ್ಯರ ರೋಗಪಟ್ಟಿಗಳಲ್ಲಿ ಇಂದಿಗೂ ಇದು ರೋಗವಾಗಿ ಸೇರಿಲ್ಲ. 1985ರಲ್ಲಿ ಕ್ಲಾನ್ಸ್ 20 ಪ್ರಶ್ನೆಗಳ ಅಳತೆಗೋಲನ್ನು ಕೊಟ್ಟ ಮೇಲೆ ಅಧ್ಯಯನಗಳು ಸಾಲುಗಟ್ಟಿದವು.

2020ರಲ್ಲಿ 62 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಸಮೀಕ್ಷೆಯೊಂದು ಹೊರಬಂತು. ಅದರೊಳಗೆ ಒಟ್ಟು 14,161 ಜನ. ಈ ಅಳುಕು ಇರುವವರ ಪ್ರಮಾಣ ಶೇಕಡಾ 9ರಿಂದ 82ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ತೋರಿತು. ಸೇರು ಬದಲಾದಂತೆ ಜೋಳದ ಲೆಕ್ಕವೂ ಬದಲಾಯಿತು. ಗಂಡಸರಲ್ಲೂ ಇದು ಸಾಕಷ್ಟಿದೆ ಎಂಬುದು ಮಾತ್ರ ಖಚಿತವಾಯಿತು.

ಮೊದಲ ವಾದ: ಮನಸ್ಸು ಲೆಕ್ಕ ತಪ್ಪುತ್ತದೆ

ಕ್ಲಾನ್ಸ್ ಬಳಗದ ಪ್ರಕಾರ ಇದೊಂದು ಗಾಣದ ಸುತ್ತು. ಕೆಲಸ ಒಪ್ಪಿಕೊಂಡ ಕೂಡಲೇ ದಿಗಿಲು. ದಿಗಿಲಿಗೆ ಎರಡು ದಾರಿ: ಒಂದೋ ಅಗತ್ಯಕ್ಕಿಂತ ಮೂರು ಪಟ್ಟು ದುಡಿಯುವುದು, ಇಲ್ಲವೇ ಕೊನೆಯ ರಾತ್ರಿವರೆಗೆ ಮುಂದೂಡುವುದು. ಕೆಲಸ ಗೆದ್ದರೆ, ದುಡಿದವನು ‘ಕತ್ತೆಯಂತೆ ದುಡಿದದ್ದಕ್ಕೆ ಆಯಿತು, ಪ್ರತಿಭೆಯಿಂದಲ್ಲ’ ಎನ್ನುತ್ತಾನೆ. ಮುಂದೂಡಿದವನು ‘ನಸೀಬು ಚೆನ್ನಾಗಿತ್ತು’ ಎನ್ನುತ್ತಾನೆ. ಹೇಗಾದರೂ ಗೆಲುವು ಖಾತೆಗೆ ಜಮೆಯಾಗುವುದಿಲ್ಲ. ಸೋಲು ಮಾತ್ರ ಬಡ್ಡಿ ಸಮೇತ ಜಮೆಯಾಗುತ್ತದೆ. ಇದರ ಬೇರನ್ನು ಅವರು ಮನೆಯಲ್ಲಿ ಹುಡುಕಿದರು. ‘ಇವಳು ಶಾಣ್ಯಾ, ಅವಳು ಒಳ್ಳೆಯವಳು’ ಎಂದು ಮಕ್ಕಳಿಗೆ ಚೀಟಿ ಹಚ್ಚುವ ಮನೆಗಳಲ್ಲಿ.

‘ಹೊಸಾಕಿ ಅಂತ ಹೊಡದ್ರು’ ಎಂಬ ಮಾತನ್ನು ಈ ವಾದ ಚೆನ್ನಾಗಿ ಬಿಡಿಸುತ್ತದೆ. ಕಿವಿಗೆ ಬಿದ್ದ ಚಪ್ಪಾಳೆ ಒಳಗೆ ಇಳಿಯುವಷ್ಟರಲ್ಲಿ ಕರುಣೆಯಾಗಿ ಮಾರ್ಪಟ್ಟಿತ್ತು. ಬಹುಮಾನದಿಂದ ಅಳುಕು ಏಕೆ ಹೋಗುವುದಿಲ್ಲ ಎಂಬುದನ್ನೂ ಅದು ತಿಳಿಸುತ್ತದೆ. ಜಾನ್ ಸ್ಟೈನ್‌ಬೆಕ್ 1938ರಲ್ಲಿ ತನ್ನ ಮಹಾ ಕಾದಂಬರಿಯನ್ನು ಬರೆಯುತ್ತಿದ್ದಾಗ ದಿನಚರಿಯಲ್ಲಿ ತಾನು ಲೇಖಕನೇ ಅಲ್ಲ ಎಂದು ಗೋಳಾಡಿಕೊಂಡಿದ್ದ. 1962ರಲ್ಲಿ ನೊಬೆಲ್ ಬಂದಾಗ, ನೀವು ಇದಕ್ಕೆ ಅರ್ಹರೇ ಎಂದು ಪತ್ರಕರ್ತರು ಕೇಳಿದರೆ ಇಲ್ಲ ಎಂದುಬಿಟ್ಟ. ನಡುವಿನ 24 ವರ್ಷಗಳ ಕೀರ್ತಿ ಆ ಗಾಣವನ್ನು ನಿಲ್ಲಿಸಿರಲಿಲ್ಲ.

ಆದರೆ ಈ ವಾದಕ್ಕೆ ಒಂದು ಕುರುಡಿದೆ. ಕಂಡಕ್ಟರ್ ಎಂಬುವನು ಬರೀ ಕಲ್ಪನೆ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಎರಡನೆಯ ವಾದ: ತಪ್ಪು ಮನಸ್ಸಿನದಲ್ಲ, ಅಂಗಳದ್ದು

2021ರಲ್ಲಿ ರುಚಿಕಾ ತುಲಶ್ಯಾನ್ ಮತ್ತು ಜೋಡಿ-ಆನ್ ಬ್ಯೂರಿ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ಬರೆದ ಲೇಖನ ಈ ಕುರುಡನ್ನೇ ಹಿಡಿಯಿತು. ಯಾರನ್ನು ಒಳಗೆ ಬಿಟ್ಟುಕೊಳ್ಳಲು ವ್ಯವಸ್ಥೆಗೇ ಮನಸ್ಸಿಲ್ಲವೋ ಅವರಿಗೆ ‘ನಿನಗೆ ಆತ್ಮವಿಶ್ವಾಸ ಕಡಿಮೆ’ ಎಂದು ಹೇಳುವುದು, ಬಾಗಿಲು ಗಿಡ್ಡ ಕಟ್ಟಿಸಿ ಬಂದವರ ಎತ್ತರವನ್ನು ದೂರಿದಂತೆ ಎಂಬುದು ಅವರ ವಾದದ ತಿರುಳು.

ಇದನ್ನು ಕೊಪ್ಪಳದಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ಈ ನೆಲ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿ, ಕೋರ್ಟು, ಮೇಲಿನ ಶಿಕ್ಷಣ ಉರ್ದುವಿನಲ್ಲಿ. ‘ಕಾವ್ಯಾನಂದ’ ಎಂದು ಹೆಸರಾದ ಸಿದ್ಧಯ್ಯ ಪುರಾಣಿಕರು ಆಗಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ ಹುಟ್ಟಿದ್ದು 1918ರಲ್ಲಿ. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಹೈದರಾಬಾದಿನಲ್ಲಿ ಶುರುವಾದದ್ದೂ ಅದೇ ವರ್ಷ. ಅಂಥ ರಾಜ್ಯದಲ್ಲಿ ಬೆಳೆದು ಕನ್ನಡದಲ್ಲಿ ಬರೆದ ಅವರು 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡ ಬರೆಯುವುದೇ ಇಲ್ಲಿ ಒಂದು ತಲೆಮಾರಿಗೆ ಒಳದಾರಿಯಿಂದ ಬಂದ ವಿದ್ಯೆಯಾಗಿತ್ತು.

ಏಕೀಕರಣವಾದ ಮೇಲೆ ಬೇರೆ ಅಂಜಿಕೆ ಹುಟ್ಟಿತು. ಪಠ್ಯಪುಸ್ತಕದ ಕನ್ನಡ ನಮ್ಮ ಬಾಯಿಯ ಕನ್ನಡವಲ್ಲ. ‘ಹೊಂಟೀನಿ’ ಎಂದು ಬರೆದರೆ ಮಾಸ್ತರು ಕೆಂಪು ಗೀಟು ಎಳೆಯುತ್ತಿದ್ದರು. ನನ್ನ ಮೊದಲ ಕಥೆಯ ಸಂಭಾಷಣೆಯನ್ನೆಲ್ಲ ಪತ್ರಿಕೆಯೊಂದು ‘ಶುದ್ಧ’ ಮಾಡಿ ಅಚ್ಚು ಹಾಕಿತ್ತು. ಕಥೆಯಲ್ಲಿ ನನ್ನ ಅಜ್ಜಿ ಮೈಸೂರು ಕಡೆಯವಳ ಹಾಗೆ ಮಾತಾಡುತ್ತಿದ್ದಳು. ಅದನ್ನು ನೋಡಿದಾಗ ನನಗೆ ಸಿಟ್ಟು ಬರಲಿಲ್ಲ. ಕನ್ನಡ ಬರದವನು ಕಥೆ ಬರೆದೆನಲ್ಲ ಎಂದು ನಾಚಿಕೆಯಾಯಿತು. ಅಂಗಳದ ತಪ್ಪು ಮನಸ್ಸಿನ ಕಾಯಿಲೆಯಾಗಿ ಇಳಿಯುವ ರೀತಿ ಅದು.

ಇದರ ವ್ಯಂಗ್ಯ ನೋಡಿ. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಗುರುತಿಸುವ ಸೀಮೆಯ ನಾಲ್ಕು ಊರುಗಳಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಈ ನಾಡಿನ ಜನ ಗುರುವಿನ ಮುಂದೆ ಕೂತು ಓದದಿದ್ದರೂ ಕಾವ್ಯ ಬಲ್ಲವರು ಎಂಬ ಮಾತೂ ಆ ಗ್ರಂಥದಲ್ಲೇ ಇದೆ. ಇದಕ್ಕಿಂತ ಹಳೆಯ, ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಇನ್ನಾವ ಊರಿಗಿದೆ? ಆದರೂ ಕೊಪ್ಪಳದ ಹುಡುಗ ಬೆಂಗಳೂರಿನ ವೇದಿಕೆಯಲ್ಲಿ ಬಾಯಿ ತೆರೆಯುವ ಮುಂಚೆ ಎರಡು ಸಲ ನುಂಗಿಕೊಳ್ಳುತ್ತಾನೆ.

ಪ್ರದೇಶಕ್ಕೇ ಚೀಟಿ ಹಚ್ಚುವುದೂ ನಡೆದಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಿತು. ಅನುದಾನಕ್ಕೆ ಅದು ಬೇಕಿತ್ತು. 2013ರಿಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯೂ ಬೇಕಿತ್ತು, ಬಂತು. ಆದರೆ ‘ನಿಮ್ದು 371 ಜೆ ಸೀಟಾ?’ ಎಂದು ಹಾಸ್ಟೆಲಿನಲ್ಲಿ ಕೇಳಿಸಿಕೊಂಡ ಹುಡುಗಿಗೆ ನ್ಯಾಯವೇ ಅನುಮಾನವಾಗಿ ಕಾಣುತ್ತದೆ. ಜಾತಿಯ ಅಂಗಳದಲ್ಲಿ ಇದು ಇನ್ನೂ ಕಟು. 1973ರಲ್ಲಿ ದಲಿತ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಎದ್ದ ಗಲಾಟೆ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು, ಇವೆರಡರ ಹಿಂದಿನ ಪ್ರಶ್ನೆ ಒಂದೇ: ಅಸಲಿ ಯಾವುದು ಎಂದು ಹೇಳುವ ಕಂಡಕ್ಟರನಿಗೆ ಆ ಕೆಲಸ ಕೊಟ್ಟವರು ಯಾರು?

ಭಾಷೆಯ ಮಟ್ಟಿಗೆ ಬಾಗಿಲು ಸ್ವಲ್ಪ ತೆರೆದಿದೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಊರಿನ ಹೆಸರನ್ನೂ ಊರಿನ ಮಾತನ್ನೂ ಜೊತೆಗಿಟ್ಟುಕೊಂಡೇ ನಾಡೆಲ್ಲ ಸುತ್ತಿ ಸಭಾಂಗಣ ತುಂಬಿಸಿದರು. ಇದು ಚಿಕ್ಕ ಗೆಲುವಲ್ಲ. ಆದರೆ ನಗೆಯ ಬಾಗಿಲಿನಿಂದ ಒಳಗೆ ಹೋದ ಭಾಷೆಗೆ ಅಳುವ, ಯೋಚಿಸುವ ಬಾಗಿಲುಗಳು ಅಷ್ಟೇ ಸಲೀಸಾಗಿ ತೆರೆದಿವೆಯೇ? ನಮ್ಮ ಕಡೆಯ ಕವಿಗಳನ್ನು ಕೇಳಿದರೆ ತಲೆ ಅಡ್ಡಡ್ಡ ಆಡಿಸುತ್ತಾರೆ.

ಈ ವಾದಕ್ಕೂ ಮಿತಿಯಿದೆ. ಅಂಗಳ ಪೂರ್ತಿ ತಮ್ಮದೇ ಆಗಿದ್ದವರಿಗೂ ಅಳುಕು ಬರುತ್ತದಲ್ಲ, ಅದನ್ನು ಇದು ವಿವರಿಸುವುದಿಲ್ಲ.

ಮೂರನೆಯ ವಾದ: ಅಳುಕಿಗೆ ಒಂದು ಮನೆ ಬೇಕು

ಮೂರನೆಯ ವಾದ ನಮ್ಮ ಪರಂಪರೆಯೊಳಗೇ ಇದೆ, ಯಾರೂ ಅದನ್ನು ಸಿದ್ಧಾಂತವೆಂದು ಕರೆದಿಲ್ಲ ಅಷ್ಟೆ. ಕೊಪ್ಪಳಕ್ಕೆ ಒಂದೂವರೆ ತಾಸಿನ ದಾರಿಯಾದ ಗದುಗಿನಲ್ಲಿ ಕುಮಾರವ್ಯಾಸ ಭಾರತ ಬರೆಯುವಾಗ, ಕವಿ ವೀರನಾರಾಯಣ, ತಾನು ಬರೆದುಕೊಳ್ಳುವ ಗುಮಾಸ್ತ ಎಂದ. ಅದೇ ಪೀಠಿಕೆಯಲ್ಲಿ ತಾನು ಬರೆದ ಪದ ಅಳಿಸುವವನಲ್ಲ ಎಂದು ಬೀಗಿದ. ಎರಡೂ ಹೇಗೆ ಸಾಧ್ಯ? ಅಳುಕನ್ನು ದೇವರ ಪಾಲಿಗೆ ಒಪ್ಪಿಸಿಬಿಟ್ಟರೆ ಕೈ ಹಗುರಾಗುತ್ತದೆ, ಆಗ ಧೈರ್ಯ ಬರುತ್ತದೆ. ವಚನಕಾರರ ಅಂಕಿತ, ಬೇಂದ್ರೆಯವರ ‘ಅಂಬಿಕಾತನಯದತ್ತ’, ಉರ್ದು ಗಜಲಿನ ಕವಿ ಇಟ್ಟುಕೊಳ್ಳುವ ಹೆಸರಾದ ತಖಲ್ಲುಸ್ ಎಲ್ಲವೂ ಬರೆಯುವವನಿಗೂ ಬದುಕುವವನಿಗೂ ನಡುವೆ ಒಂದು ತೆಳು ಪರದೆ ಕಟ್ಟುತ್ತವೆ. ರಾಯಚೂರಿನ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದ್ದು ಅಂಕಿತ ಮತ್ತು ತಖಲ್ಲುಸ್ ಎರಡೂ ಬಲ್ಲ ಈ ನೆಲದಲ್ಲೇ.

ಹಾಗೆಂದು ಎಲ್ಲರೂ ವಿನಯವಂತರಾಗಿರಲಿಲ್ಲ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ತನ್ನ ಕೃತಿಯನ್ನು ಪರೀಕ್ಷಿಸುವ ಎದೆ ಯಾರಿಗಿದೆ ಎಂದು ಸವಾಲು ಹಾಕಿದ. ಪರದೆಯೇ ಸೆರೆಯಾದ ಉದಾಹರಣೆಯೂ ಇದೆ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ ತಮ್ಮ ಕೃತಿಗಳನ್ನು ಹಳೆಯ ಕವಿಯವು ಎಂದು ಹೇಳಿ ಮೈಸೂರಿಗೆ ಕಳುಹಿಸಿದರು. 1901ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ‘ಮುದ್ದಣ’ ಎಂದರೆ ಅವರೇ ಎಂದು ನಾಡಿಗೆ ಗೊತ್ತಾದದ್ದು ಆಮೇಲೆ. ಲೋಕದಲ್ಲಿ ವಂಚಕರು ಇನ್ನೊಬ್ಬರದನ್ನು ತಮ್ಮದೆನ್ನುತ್ತಾರೆ. ಇವರು ತಮ್ಮದನ್ನು ಇನ್ನೊಬ್ಬರದೆಂದರು.

ಕೈಕೆಲಸದ ಲೋಕದಲ್ಲಿ ಈ ವಾದ ಇನ್ನೂ ಸ್ಪಷ್ಟ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರ ಮನೆಯ ಪಡಸಾಲೆಗೆ ಹೋಗಿ ನೋಡಿ. ಹಗುರ ಕಟ್ಟಿಗೆಯ ತುಂಡುಗಳನ್ನು ಕೆತ್ತಿ ಜೋಡಿಸಿದ ಮೂರ್ತಿ. ನೆನೆಸಿ ಅರೆದ ಗೋಣಿತಟ್ಟಿನ ನಾರು, ಕಟ್ಟಿಗೆ ಪುಡಿ, ಹುಣಸೆ ಬೀಜದ ಅಂಟು ಕೂಡಿಸಿದ ಕಿಟ್ಟವನ್ನು ಸಂದಿಗೆ ತುಂಬುತ್ತಿರುವ ಬೆರಳು. ನಾನು ಹೋದಾಗ ಒಬ್ಬ ಹಿರಿಯರಿಗೆ, ನಿಮಗೆ ಯಾವತ್ತಾದರೂ ನೀವು ನಿಜವಾದ ಕಲಾವಿದರಲ್ಲ ಅನಿಸಿದೆಯೇ ಎಂದು ಕೇಳಿದೆ. ಪ್ರಶ್ನೆಯೇ ಅವರಿಗೆ ಹತ್ತಲಿಲ್ಲ. ‘ಅಂಟು ಸರಿ ಕುಂತಿಲ್ಲಂದ್ರ ಬಿರೀತೈತಿ, ಅಷ್ಟ ನೋಡ್ರಿ’ ಎಂದರು. ಅನುಮಾನ ಅವರಲ್ಲೂ ಇತ್ತು. ಆದರೆ ಅದು ಅಂಟಿನ ಮೇಲಿತ್ತು, ತಮ್ಮ ಮೇಲಲ್ಲ.

ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಬದುಕೆಲ್ಲ ಪರದೆಯ ಹಿಂದೆ ಗೊಂಬೆ ಆಡಿಸಿದವರು. ಪದ್ಮಶ್ರೀ ಬಂದದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ. ದಿಲ್ಲಿಯ ಮೊಹರು ಬೀಳುವವರೆಗೆ ಅವರ ಕಲೆ ಕಾದು ಕೂತಿರಲಿಲ್ಲ.

ಇದನ್ನು ಬರೀ ಚೆಂದದ ಕಥೆಯಾಗಿ ಹೇಳಿದರೆ ಅರ್ಧ ಸುಳ್ಳು. ಹುಟ್ಟಿನಿಂದ ಬಂದ ಕಸುಬು ಒಳಗಿದ್ದವರಿಗೆ ನೆಲೆ ಕೊಟ್ಟಿತು, ಹೊರಗಿದ್ದವರಿಗೆ ಬಾಗಿಲು ಹಾಕಿತು. ಮೇಳದವರ ಮಗಳಿಗೆ ಸಿಗುವ ಧೈರ್ಯ, ಮನೆಯಲ್ಲಿ ಮೊದಲ ಸಲ ಪೆನ್ನು ಹಿಡಿದವಳಿಗೆ ಎಲ್ಲಿಂದ ಬರಬೇಕು?

ನಾಲ್ಕನೆಯ ವಾದ: ಅಳುಕು ಇರಲಿ ಬಿಡಿ

ಅಳುಕು ಕೆಡುಕೇ ಅಲ್ಲ, ಅದರಿಂದ ಉಪಯೋಗವೂ ಇದೆ ಎನ್ನುತ್ತದೆ ಈ ವಾದ. 1999ರಲ್ಲಿ ಡನ್ನಿಂಗ್ ಮತ್ತು ಕ್ರೂಗರ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು, ಕಡಿಮೆ ಬಲ್ಲವರೇ ತಮ್ಮನ್ನು ಹೆಚ್ಚು ಅಂದಾಜು ಮಾಡಿಕೊಳ್ಳುತ್ತಾರೆ ಎಂದು ತೋರಿಸಹೊರಟರು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಹಿರಿಯರು ಅಂದದ್ದೇ ಅದು. ಅವರ ಲೆಕ್ಕಾಚಾರದ ಮೇಲೆ ಆಮೇಲೆ ತಕರಾರುಗಳೂ ಬಂದವು. 2022ರಲ್ಲಿ ಎಂಐಟಿಯ ಬಸಿಮಾ ತೌಫಿಕ್ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಗ್ಗುಲು ಕಂಡಿತು. ‘ಜನ ತಿಳಿದಷ್ಟು ನಾನಿಲ್ಲ’ ಎಂದುಕೊಳ್ಳುವ ತರಬೇತಿ ವೈದ್ಯರು ರೋಗಿಗಳ ಮಾತನ್ನು ಹೆಚ್ಚು ಗಮನವಿಟ್ಟು ಕೇಳುತ್ತಿದ್ದರು, ಕೆಲಸದಲ್ಲಿ ಹಿಂದೆ ಬಿದ್ದಿರಲಿಲ್ಲ. ತನ್ನ ಮೇಲಿನ ಅನುಮಾನ ಎದುರಿನವರತ್ತ ಗಮನ ಹರಿಸುತ್ತದೆ ಎಂಬುದು ಇಲ್ಲಿನ ಹೊಳಹು.

ಬರಹಗಾರರಿಗೆ ಈ ವಾದ ಹಿಡಿಸುತ್ತದೆ. ಅಳುಕಿಲ್ಲದವನು ಎರಡನೇ ಸಲ ತಿದ್ದುವುದಿಲ್ಲ. ಆದರೆ ಅಳುಕಿಗೆ ಹೆದರಿ ಬರೆಯುವುದನ್ನೇ ಬಿಟ್ಟವರು ಯಾವ ಅಧ್ಯಯನದ ಲೆಕ್ಕಕ್ಕೂ ಸಿಗುವುದಿಲ್ಲ. ಉಳಿದವರನ್ನಷ್ಟೇ ನೋಡಿ ಔಷಧ ಒಳ್ಳೆಯದು ಎನ್ನುವ ಅಪಾಯ ಇಲ್ಲಿದೆ.

ದಾಟುವ ದಾರಿಗಳು

ಮೊದಲ ಮೂರು ವಾದಗಳು ಮೂರು ಮದ್ದು ಹೇಳುತ್ತವೆ, ನಾಲ್ಕನೆಯದು ಮದ್ದೇ ಬೇಡ ಎನ್ನುತ್ತದೆ. ಮೊದಲನೆಯದು ಬರೆದಿಡು ಎನ್ನುತ್ತದೆ. ಯಾರು ಏನೆಂದು ಮೆಚ್ಚಿದರು, ಯಾವ ಸಾಲನ್ನು ಎಷ್ಟು ಸಲ ತಿದ್ದಿದೆ ಎಂಬ ಖಾತೆ ಇಟ್ಟರೆ ಮನಸ್ಸಿನ ಸುಳ್ಳು ಲೆಕ್ಕ ಸಿಕ್ಕಿಬೀಳುತ್ತದೆ. ನಾಲ್ಕು ಜನ ಕೂಡಿ ಮಾತಾಡಿಕೊಳ್ಳಿ ಎಂದು ಕ್ಲಾನ್ಸ್, ಐಮ್ಸ್ ಮೊದಲ ಪ್ರಬಂಧದಲ್ಲೇ ಸೂಚಿಸಿದ್ದರು. ನಿದ್ದೆ ಕೆಟ್ಟು, ಊಟ ಸೇರದೆ, ಬದುಕೇ ಬೇಸರವಾದರೆ ಅದು ಅಳುಕಿನ ಗಡಿ ದಾಟಿತು. ಆಗ ವೈದ್ಯರೇ ಬೇಕು. ಸರಕಾರದ ಟೆಲಿ-ಮಾನಸ್ ಸಂಖ್ಯೆ 14416.

ಎರಡನೆಯ ವಾದದ ಮದ್ದನ್ನು ಅಳುಕುವವರು ಕುಡಿಯಬೇಕಾಗಿಲ್ಲ, ಸಂಘಟಕರು, ಸಂಪಾದಕರು ಕುಡಿಯಬೇಕು. ಅಜ್ಜಿಯ ಮಾತನ್ನು ಅಜ್ಜಿಯ ಮಾತಿನಲ್ಲೇ ಅಚ್ಚು ಹಾಕಬೇಕು. ಆಯ್ಕೆ ಸಮಿತಿಯಲ್ಲಿ ಯಾರು ಕೂತಿದ್ದಾರೆಂದು ನೋಡಬೇಕು. ಕೊಪ್ಪಳದಲ್ಲಿ 1993ರಲ್ಲಿ ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ, ಗಂಗಾವತಿಯಲ್ಲಿ 2011ರಲ್ಲಿ ಸಿ.ಪಿ. ಕೃಷ್ಣಕುಮಾರರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ಮೂರು ದಿನದ ತೇರು ಬಂದು ಹೋಯಿತು. ಉಳಿದ ದಿನಗಳಲ್ಲಿ ಓದಿ ಹೇಳುವವರು, ತಿದ್ದಿ ಕೊಡುವವರು ಊರಲ್ಲಿದ್ದಾರೆಯೇ ಎಂಬುದು ಮುಖ್ಯ.

ಮೂರನೆಯದರ ಮದ್ದು ತಾಲೀಮು. ಬಯಲಾಟದ ಮಾಸ್ತರು ಒಕ್ಕಲಿಗನನ್ನು ತಿಂಗಳುಗಟ್ಟಲೆ ರಾತ್ರಿ ಕುಣಿಸಿ ಕೌರವನನ್ನಾಗಿ ಮಾಡುತ್ತಾರೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಂಗಕ್ಕೆ ಬಂದಾಗ, ಬೆಳಿಗ್ಗೆ ಸಾಲದ ಅಂಗಡಿಯಲ್ಲಿ ತಲೆ ತಗ್ಗಿಸಿ ನಿಂತವನು ಇವನೇ ಎಂದು ಕೂತವರಿಗೆಲ್ಲ ಗೊತ್ತು. ಗೊತ್ತಿದ್ದೂ ಬೆಳಗಿನತನಕ ನೋಡುತ್ತಾರೆ, ಸೀಟಿ ಹೊಡೆಯುತ್ತಾರೆ. ಅಲ್ಲಿ ಸಿಕ್ಕಿಬೀಳುವ ಭಯವೇ ಇಲ್ಲ, ಯಾಕೆಂದರೆ ಅಡಗಿಸಿಟ್ಟದ್ದು ಏನೂ ಇಲ್ಲ. ನನಗೆ ತೋರುವ ಮಟ್ಟಿಗೆ ಅಳುಕು ಇಳಿಯುವುದು ಪ್ರಮಾಣಪತ್ರದಿಂದಲ್ಲ. ಹನ್ನೊಂದು ಶತಮಾನದ ಹಿಂದಿನ ಪ್ರಮಾಣಪತ್ರ ಇದ್ದ ಊರಿಗೇ ಅದು ಸಾಕಾಗಲಿಲ್ಲ. ನಮ್ಮ ಸೋಗನ್ನು ಸೋಗು ಎಂದು ಬಲ್ಲ, ಗೊತ್ತಿದ್ದೂ ಕೂತು ನೋಡುವ ಹತ್ತು ಜನರ ನಡುವೆ ಅದು ಇಳಿಯುತ್ತದೆ.

ಇನ್ನೂ ಬಗೆಹರಿಯದವು

ಮೊದಲ ತೊಡಕು ಹೆಸರಿನದೇ. ಮನಸ್ಸಿನ ಸುಳ್ಳು ಲೆಕ್ಕ, ಅಂಗಳದ ಅನ್ಯಾಯ, ಕಸುಬಿನ ಎಚ್ಚರ ಇವು ಮೂರೂ ಒಂದೇ ಹೆಸರಿನಡಿ ಸೇರಿವೆ. ಇವು ಒಂದೇ ಬೇರಿನವೋ, ನಾವು ಒಂದೇ ಚೀಲಕ್ಕೆ ತುಂಬಿದವೋ ತೀರ್ಮಾನವಾಗಿಲ್ಲ. 9ರಿಂದ 82ರವರೆಗಿನ ಆ ಅಂತರವೇ ಅನುಮಾನಕ್ಕೆ ಎಡೆ ಕೊಡುತ್ತದೆ. ಯಾವ ಮದ್ದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ 2020ರ ಸಮೀಕ್ಷೆಗೆ ಗಟ್ಟಿ ಪುರಾವೆ ಸಿಗಲಿಲ್ಲ.

ಎರಡನೆಯದು, ಬಾಯಿ ಬಿಟ್ಟು ಆಡಲು ಹಿಂಜರಿಯುವ ಪ್ರಶ್ನೆ. ಅನುಮಾನ ಕೆಲವೊಮ್ಮೆ ಸರಿಯೇ ಇರುತ್ತದಲ್ಲ? ಕವಿತೆ ನಿಜಕ್ಕೂ ಹಸಿಯಾಗಿದ್ದಾಗ ‘ಇದು ನಿನ್ನ ಅಳುಕು ಅಷ್ಟೆ’ ಎಂದು ಬೆನ್ನು ತಟ್ಟುವುದು ಉಪಕಾರವೋ ಅಪಕಾರವೋ? ಕಿನ್ನಾಳದ ಹಿರಿಯರಿಗೆ ಅಂಟು ಬಿರುಕು ಬಿಟ್ಟು ಹೇಳುತ್ತದೆ. ಕವಿತೆಗೆ ಅಂಥ ಅಂಟು ಯಾವುದು?

ಮೂರನೆಯದು ಹೊಸದು. ಫೋನಿಗೆ ಒಂದು ಮಾತು ಹೇಳಿದರೆ ಕವಿತೆ ಬರೆದುಕೊಡುವ ಯಂತ್ರ ಈಗ ಎಲ್ಲರ ಅಂಗಿ ಜೇಬಿನಲ್ಲಿದೆ. ಅದರ ನೆರವು ಪಡೆದು ನಾಲ್ಕು ಸಾಲು ತಿದ್ದಿಕೊಂಡವರ ಅಳುಕು ಸುಳ್ಳೋ ನಿಜವೋ? ನೆರವು ಪಡೆಯದೇ ಚೆನ್ನಾಗಿ ಬರೆದವರ ಮೇಲೆ ಬೀಳುವ ಅನುಮಾನಕ್ಕೆ ಉತ್ತರ ಹೇಳುವವರು ಯಾರು?

ಕುಷ್ಟಗಿಯ ಆ ಶಿಕ್ಷಕಿ ಇತ್ತೀಚೆಗೆ ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕಂಡಕ್ಟರ್ ಬಂದನೇ ಎಂದು ಕೇಳಿದೆ. ‘ಇನ್ನೂ ಬಂದಿಲ್ರಿ. ಬರೂಮಟ ಬರಿಯೂದು ಅಂತ ಮಾಡೀನಿ’ ಎಂದರು.